‘ಕೊಲ್ಲುವ ಉದ್ದೇಶದಿಂದ’: ಒಂದು ದೂರಿನ ಓದು

ನಾನು ಇದುವರೆಗೆ ಬರೆದವುಗಳಲ್ಲಿ ಅತಿ ಹೆಚ್ಚು ಪರಿಣಾಮ ಬೀರಿದ ಬರಹ ಯಾವ ಪತ್ರಿಕೆಯಲ್ಲೂ ಅಚ್ಚಾಗಿಲ್ಲ. ಅದೊಂದು ಒಂದೂವರೆ ಪುಟದ ಪೊಲೀಸ್ ದೂರು. 2019ರ ಮಳೆಗಾಲದಲ್ಲಿ, ಎಂ.ಎ. ಮುಗಿಸಿ ಸಂಶೋಧನೆಗೆ ಅರ್ಜಿ ಹಾಕಿ ಕೂತಿದ್ದ ದಿನಗಳಲ್ಲಿ, ಕುಮಟಾ ತಾಲ್ಲೂಕಿನ ಬಾಡದಲ್ಲಿರುವ ನನ್ನ ಸೋದರಮಾವನಿಗೆ ಅದನ್ನು ಬರೆದುಕೊಟ್ಟೆ. ಮನೆತನದಲ್ಲಿ ಕನ್ನಡವನ್ನೇ ವಿಷಯವಾಗಿ ಓದಿದವನು ನಾನೊಬ್ಬನೇ ಎಂಬುದಷ್ಟೇ ನನ್ನ ಅರ್ಹತೆ.

ನಡೆದದ್ದು ಕರಾವಳಿಯ ಯಾವ ಊರಲ್ಲಾದರೂ ನಡೆಯಬಹುದಾದ ಸಂಗತಿ. ಮಳೆಗೆ ಬಿದ್ದ ಬೇಲಿಯನ್ನು ಪಕ್ಕದ ಮನೆಯವರು ಮತ್ತೆ ಕಟ್ಟುವಾಗ ಅದು ಒಂದು ಮೊಳ ಈಚೆ ಬಂತು. ಆ ಒಂದು ಮೊಳದೊಳಗೆ ಫಲ ಬಿಡುವ ತೆಂಗಿನಮರವಿತ್ತು. ಮಾತಿಗೆ ಮಾತು ಬೆಳೆಯಿತು. ಪಕ್ಕದವರ ಕೈಯಲ್ಲಿ ಬೇಲಿಗೂಟ ಕೆತ್ತುತ್ತಿದ್ದ ಕತ್ತಿ ಇತ್ತು. ಅದರ ಹಿಂಬದಿಯಿಂದ ಮಾವನ ಎಡ ಹೆಗಲಿಗೆ ಒಂದು ಪೆಟ್ಟು ಬಿತ್ತು. ಚರ್ಮ ಒಡೆದು ಮೂರು ಹೊಲಿಗೆ ಹಾಕಬೇಕಾಯಿತು. ಅವರ ಮಗ ಅಂಗಳದಲ್ಲಿ ನಿಂತು ಕೂಗುತ್ತಿದ್ದ, ಬೇಲಿಯ ಹತ್ತಿರ ಬಂದಿರಲಿಲ್ಲ. ಎರಡೂ ಮನೆಯವರು ಒಂದೇ ಜಾತಿಯವರು, ದೂರದ ನೆಂಟರು.

ಇದನ್ನೆಲ್ಲ ನಾನು ಹೀಗೆಯೇ ಹತ್ತು ವಾಕ್ಯಗಳಲ್ಲಿ ಬರೆದೆ. ಪೇಟೆಯಲ್ಲಿ ಅರ್ಜಿ ಬರೆದು ಅಭ್ಯಾಸವಿದ್ದ ಹಿರಿಯರೊಬ್ಬರು ಓದಿ ನಕ್ಕರು. ‘ಇದು ಕತೆ ಆಯ್ತು, ದೂರು ಆಗ್ಲಿಲ್ಲ’ ಎಂದರು. ಅವರು ಹೇಳುತ್ತ ಹೋದರು, ನಾನು ತಿದ್ದುತ್ತ ಹೋದೆ. ‘ಕತ್ತಿಯ ಹಿಂಬದಿಯಿಂದ’ ಇದ್ದದ್ದು ‘ಹರಿತವಾದ ಕತ್ತಿಯಿಂದ’ ಆಯಿತು. ಅಂಗಳದಲ್ಲಿದ್ದ ಮಗ ‘ಸಮಾನ ಉದ್ದೇಶದಿಂದ’ ತಂದೆಯ ಜೊತೆ ಸೇರಿಕೊಂಡ. ಕೊನೆಗೆ ಪೆಟ್ಟಿನ ಮುಂದೆ ಎರಡು ಪದ ಬಂದು ಕೂತವು: ‘ಕೊಲ್ಲುವ ಉದ್ದೇಶದಿಂದ’. ಕತ್ತಿಯ ಹಿಂಬದಿ ಎಂದು ನನಗೆ ಗೊತ್ತಿತ್ತು. ಆದರೂ ಬರೆದೆ. ಮಾವನ ಹೆಗಲಿನ ಬ್ಯಾಂಡೇಜು ಎದುರಿಗೇ ಇತ್ತು, ಸಿಟ್ಟೂ ಇತ್ತು. ನಿಜ ಹೇಳಬೇಕೆಂದರೆ, ಆ ವಾಕ್ಯಕ್ಕೆ ಬಂದ ತೂಕ ನನಗೆ ಹಿಡಿಸಿತ್ತು ಕೂಡ.

ಮರುದಿನ ದಾಖಲಾದ ಎಫ್‌ಐಆರ್‌ನಲ್ಲಿ ಭಾರತೀಯ ದಂಡ ಸಂಹಿತೆಯ ಕಲಂ 307, ಅಂದರೆ ಕೊಲೆಯತ್ನ, ಸೇರಿತ್ತು. ಪಕ್ಕದ ಮನೆಯ ತಂದೆ, ಮಗ ಇಬ್ಬರೂ ಊರು ಬಿಟ್ಟರು. ನಿರೀಕ್ಷಣಾ ಜಾಮೀನು ಸಿಗುವವರೆಗೆ ಹನ್ನೊಂದು ದಿನ ಆ ಮನೆಯಲ್ಲಿ ಗಂಡಸರಿರಲಿಲ್ಲ. ಬೇಲಿ ಅರ್ಧ ಕಟ್ಟಿದ ಹಾಗೆಯೇ ನಿಂತಿತ್ತು.

ಹಲ್ಲೆಯ ಪ್ರಕರಣಗಳಲ್ಲಿ ಬಂಧನಕ್ಕೆ ಮೊದಲೇ ಜಾಮೀನು ಯಾವಾಗ ಕೊಡಬೇಕು, ಯಾವಾಗ ಕೊಡಬಾರದು ಎಂಬುದು ಕಾನೂನಿನ ವಿದ್ಯಾರ್ಥಿಗಳ ಪ್ರಶ್ನೆ ಎಂದು ನಾವು ಸಾಹಿತ್ಯದವರು ಬಿಟ್ಟುಬಿಡುತ್ತೇವೆ. ಆದರೆ ಆ ಹಂತದಲ್ಲಿ ನ್ಯಾಯಾಧೀಶರ ಎದುರು ಸಾಕ್ಷಿಕಟ್ಟೆಯಲ್ಲಿ ಯಾರೂ ನಿಂತಿರುವುದಿಲ್ಲ, ಪಾಟೀಸವಾಲು ನಡೆದಿರುವುದಿಲ್ಲ. ಇರುವುದು ಕೆಲವು ಕಾಗದಗಳು: ಒಂದು ದೂರು, ಒಂದು ಗಾಯದ ಪ್ರಮಾಣಪತ್ರ, ಒಂದು ಅರ್ಜಿ, ಅದಕ್ಕೊಂದು ತಕರಾರು. ಹಾಗಾಗಿ ಅದು ಬಹುಮಟ್ಟಿಗೆ ಓದಿನ ಕೆಲಸ. ಈ ಬರಹದಲ್ಲಿ ನಾನು ಮಾಡಹೊರಟಿರುವುದು ಆ ಓದಿನ ವಿಮರ್ಶೆಯನ್ನು, ಅದಕ್ಕೂ ಮೊದಲು ನನ್ನ ದೂರಿನ ವಿಮರ್ಶೆಯನ್ನು.

*

ದೂರಿನ ಕನ್ನಡಕ್ಕೆ ತನ್ನದೇ ವ್ಯಾಕರಣವಿದೆ. ಅದರಲ್ಲಿ ವಾಕ್ಯ ಸಾಮಾನ್ಯವಾಗಿ ಒಂದೇ. ‘ಬೈದು’, ‘ದೂಡಿ’, ‘ಹೊಡೆದು’, ‘ಬೆದರಿಸಿ’ ಎಂಬ ಅಪೂರ್ಣ ಕ್ರಿಯಾಪದಗಳ ಮೇಲೆ ಕಾಲಿಡುತ್ತ ಅದು ಪುಟದುದ್ದಕ್ಕೂ ನಡೆದು, ‘ಹಲ್ಲೆ ಮಾಡಿದ್ದು ಇರುತ್ತದೆ’ ಎಂಬಲ್ಲಿಗೆ ನಿಲ್ಲುತ್ತದೆ. ಆಡುಮಾತಿನಲ್ಲಿ ನಾವು ‘ಹೊಡೆದ’ ಎನ್ನುತ್ತೇವೆ. ಒಮ್ಮೆ ನಡೆಯಿತು, ಮುಗಿಯಿತು. ‘ಹೊಡೆದದ್ದು ಇರುತ್ತದೆ’ ಎಂದಾಗ ಮುಗಿದ ಕ್ರಿಯೆ ಒಂದು ಸ್ಥಿತಿಯಾಗುತ್ತದೆ, ಅದು ಈಗಲೂ ಅಲ್ಲೇ ನಿಂತಿರುವಂತೆ ಕಾಣುತ್ತದೆ.

ಈ ಗದ್ಯದ ಒಂದೊಂದು ನುಡಿಗಟ್ಟಿನ ಹಿಂದೆಯೂ ಒಂದೊಂದು ಕಲಮು ಕೂತಿದೆ. ‘ಅಡ್ಡಗಟ್ಟಿ’ ಎಂದರೆ 341, ‘ಕೈಯಿಂದ ಹೊಡೆದು’ ಎಂದರೆ 323, ‘ಅವಾಚ್ಯ ಶಬ್ದಗಳಿಂದ ಬೈದು’ ಎಂದರೆ 504, ‘ಜೀವ ಬೆದರಿಕೆ ಹಾಕಿ’ ಎಂದರೆ 506, ‘ಸಮಾನ ಉದ್ದೇಶದಿಂದ’ ಎಂದರೆ 34. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದು ಈ ಅಂಕಿಗಳೆಲ್ಲ ಬದಲಾಗಿವೆ. 307 ಈಗ 109. ನುಡಿಗಟ್ಟುಗಳು ಮಾತ್ರ ಬದಲಾಗಿಲ್ಲ. ದೂರು ಬರೆಯುವವನು ಘಟನೆಯನ್ನು ವರ್ಣಿಸುತ್ತಿದ್ದೇನೆ ಎಂದುಕೊಳ್ಳುತ್ತಾನೆ, ನಿಜಕ್ಕೂ ಮಾಡುತ್ತಿರುವುದು ಕಲಮುಗಳ ಪಟ್ಟಿಯನ್ನು ಕ್ರಿಯಾಪದಗಳಲ್ಲಿ ಬರೆಯುವ ಕೆಲಸ.

ಇದರಲ್ಲಿ ಕಳೆದುಹೋಗುವುದೇನು ಎಂಬುದಕ್ಕೆ ‘ಅವಾಚ್ಯ’ ಎಂಬ ಪದವೇ ಉದಾಹರಣೆ. ಆಡಬಾರದ್ದನ್ನು ಬರೆಯಲೂ ಬಾರದು ಎಂಬ ಸಭ್ಯತೆ ಅದರಲ್ಲಿದೆ. ಆದರೆ ಜಗಳದ ಕಾರಣ ಎಷ್ಟೋ ಸಲ ಆ ಬರೆಯದ ಮಾತಿನಲ್ಲೇ ಇರುತ್ತದೆ. ಬಾಡದ ಆ ಬೆಳಿಗ್ಗೆ ಮೊದಲು ಆಡಬಾರದ್ದನ್ನು ಆಡಿದವರು ನಮ್ಮ ಮಾವ. ಪಕ್ಕದವರ ಸತ್ತ ತಂದೆಯ ಹೆಸರೆತ್ತಿ ಒಂದು ಮಾತಂದಿದ್ದರು. ಪೆಟ್ಟು ಬಿದ್ದದ್ದು ಆ ಮಾತಿನ ಬೆನ್ನಿಗೆ. ನನ್ನ ದೂರಿನಲ್ಲಿ ಆ ಮಾತಿಲ್ಲ. ಅದಿಲ್ಲದೆ ಆ ಪೆಟ್ಟಿಗೆ ಬೇರೆ ಕಾರಣ ಬೇಕಾಯಿತು. ಆ ಖಾಲಿ ಜಾಗವನ್ನು ‘ಕೊಲ್ಲುವ ಉದ್ದೇಶ’ ತುಂಬಿತು.

ಈ ಎರಡು ಪದ ಮಾಡಿದ ಕೆಲಸವನ್ನು ಕಾನೂನಿನ ಲೆಕ್ಕದಲ್ಲೂ ಹೇಳಬೇಕು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಪೊಲೀಸರು ಯಾಂತ್ರಿಕವಾಗಿ ಬಂಧಿಸಬಾರದು, ಬಂಧನ ಏಕೆ ಅಗತ್ಯವೆಂದು ಬರೆದಿಡಬೇಕು, ಇಲ್ಲದಿದ್ದರೆ ನೋಟಿಸು ಕೊಟ್ಟು ಕರೆಸಬೇಕು ಎಂದು ಸುಪ್ರೀಂ ಕೋರ್ಟ್ 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಹೇಳಿದೆ. ಅಪಾಯಕಾರಿ ಆಯುಧದಿಂದ ಸಾದಾ ಗಾಯ ಮಾಡುವುದಕ್ಕೆ ಹಳೆಯ ಸಂಹಿತೆಯ 324ರಲ್ಲಿ ಇದ್ದ ಶಿಕ್ಷೆ ಮೂರು ವರ್ಷದವರೆಗೆ. ಕೊಲೆಯತ್ನಕ್ಕೆ ಹತ್ತು ವರ್ಷದವರೆಗೆ, ಗಾಯವಾಗಿದ್ದರೆ ಜೀವಾವಧಿಯವರೆಗೆ. ಅಂದರೆ ನಡೆದದ್ದನ್ನು ನಡೆದಂತೆ ಬರೆದಿದ್ದರೆ ಪಕ್ಕದವರಿಗೆ ಬಹುಶಃ ಒಂದು ನೋಟಿಸು ಬರುತ್ತಿತ್ತು. ನನ್ನ ಎರಡು ಪದ ಅವರನ್ನು ಆ ರಕ್ಷಣೆಯ ಆಚೆಗೆ ತಳ್ಳಿತು.

*

‘ನಿರೀಕ್ಷಣಾ ಜಾಮೀನು’ ಎಂಬ ಹೆಸರೇ ಕನ್ನಡದ ಕಿವಿಗೆ ವಿಚಿತ್ರ. ನಾವು ನಿರೀಕ್ಷಿಸುವುದು ಮಳೆಯನ್ನು, ಪರೀಕ್ಷೆಯ ಫಲಿತಾಂಶವನ್ನು, ದೂರದಿಂದ ಬರುವ ಮಗನನ್ನು. ಬಂಧನವನ್ನು ಯಾರು ನಿರೀಕ್ಷಿಸುತ್ತಾರೆ? ಮೂಲ ಕಾಯ್ದೆಯಲ್ಲೂ ಆ ಹೆಸರಿಲ್ಲ ಎಂಬುದು ಸ್ವಾರಸ್ಯ. 1973ರ ದಂಡ ಪ್ರಕ್ರಿಯಾ ಸಂಹಿತೆಯ 438ನೇ ಕಲಮಿನ ಶೀರ್ಷಿಕೆ ಬಂಧನದ ಆತಂಕದಲ್ಲಿರುವ ವ್ಯಕ್ತಿಗೆ ಜಾಮೀನು ಕೊಡಲು ನಿರ್ದೇಶನ ಎನ್ನುವ ಅರ್ಥದಲ್ಲಿದೆ. ಈಗ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 482ನೇ ಕಲಂ. ಜಾಮೀನುರಹಿತ ಅಪರಾಧದ ಆರೋಪದ ಮೇಲೆ ತನ್ನನ್ನು ಬಂಧಿಸಬಹುದು ಎಂದು ನಂಬಲು ಕಾರಣವಿರುವ ಯಾರಾದರೂ ಸೆಷನ್ಸ್ ನ್ಯಾಯಾಲಯಕ್ಕೋ ಹೈಕೋರ್ಟಿಗೋ ಹೋಗಬಹುದು. ‘ಜಾಮೀನುರಹಿತ’ ಎಂಬುದೂ ದಾರಿ ತಪ್ಪಿಸುವ ಪದ. ಜಾಮೀನು ಸಿಗುವುದೇ ಇಲ್ಲ ಎಂದು ಅದರರ್ಥವಲ್ಲ. ಅದು ಹಕ್ಕಾಗಿ ಸಿಗದು, ನ್ಯಾಯಾಲಯದ ವಿವೇಚನೆಯಿಂದ ಸಿಗಬೇಕು ಎಂದಷ್ಟೇ.

ಬ್ರಿಟಿಷರ ಕಾಲದ 1898ರ ಸಂಹಿತೆಯಲ್ಲಿ ಇಂಥ ಕಲಮು ಇರಲಿಲ್ಲ. ಪ್ರಭಾವಿಗಳು ತಮ್ಮ ಎದುರಾಳಿಗಳ ಮರ್ಯಾದೆ ಕಳೆಯಲು, ಕೆಲವು ದಿನವಾದರೂ ಒಳಗೆ ಕೂರಿಸಲು ಸುಳ್ಳು ಕೇಸು ಹಾಕಿಸುತ್ತಾರೆ, ಅದಕ್ಕೊಂದು ತಡೆ ಬೇಕು ಎಂದು 1969ರಲ್ಲಿ ಕಾನೂನು ಆಯೋಗ ತನ್ನ 41ನೇ ವರದಿಯಲ್ಲಿ ಹೇಳಿತು. ಆ ಶಿಫಾರಸು ಹೊಸ ಸಂಹಿತೆಯಲ್ಲಿ ಸೇರಿತು. ಇದು ಎಲ್ಲೆಡೆ ಸಮಾನವಾಗಿ ಉಳಿದ ಸೌಲಭ್ಯವೂ ಅಲ್ಲ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಉತ್ತರ ಪ್ರದೇಶ ಈ ಕಲಮನ್ನೇ ತೆಗೆದುಹಾಕಿತು. ಅಲ್ಲಿ ಅದು ಮರಳಿದ್ದು 2019ರಲ್ಲಿ.

ಕಲಮಿನ ಮೊದಲ ದೊಡ್ಡ ಓದು 1980ರ ಏಪ್ರಿಲ್ 9ರ ಗುರುಬಕ್ಷ್ ಸಿಂಗ್ ಸಿಬ್ಬಿಯಾ ತೀರ್ಪು. ಅರ್ಜಿದಾರರು ಪಂಜಾಬಿನ ಮಾಜಿ ಸಚಿವರು, ಆರೋಪ ಭ್ರಷ್ಟಾಚಾರದ್ದು. ಅಲ್ಲಿನ ಹೈಕೋರ್ಟು ಈ ಅಧಿಕಾರವನ್ನು ಅಪರೂಪಕ್ಕೆ ಮಾತ್ರ ಬಳಸಬೇಕೆಂದು ಹಲವು ಕಟ್ಟುಪಾಡು ಹಾಕಿತ್ತು. ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರಿದ್ದ ಐವರ ಪೀಠ ಅವನ್ನು ಒಪ್ಪಲಿಲ್ಲ. ಶಾಸಕಾಂಗ ಬರೆಯದ ಷರತ್ತುಗಳನ್ನು ನ್ಯಾಯಾಲಯ ಕಲಮಿನೊಳಗೆ ಓದಿಕೊಳ್ಳಬಾರದು ಎಂಬುದು ಅದರ ನಿಲುವು. ಎಫ್‌ಐಆರ್ ಆಗುವ ಮೊದಲೂ ಅರ್ಜಿ ಹಾಕಬಹುದು, ಆದಮೇಲೂ ಹಾಕಬಹುದು, ಆದರೆ ಮುಂದೆ ಏನು ಮಾಡಿದರೂ ಬಂಧಿಸಕೂಡದೆಂಬ ಸಗಟು ಆದೇಶ ಮಾತ್ರ ಸಲ್ಲದು ಎಂದಿತು.

ಆ ತೀರ್ಪಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಭಯ ಮತ್ತು ನಂಬಿಕೆಗಳ ನಡುವೆ ಅದು ಎಳೆಯುವ ಗೆರೆ. ಬಂಧನದ ಭಯವಿದ್ದರೆ ಸಾಲದು, ಬಂಧಿಸುತ್ತಾರೆಂದು ನಂಬಲು ಪರಿಶೀಲಿಸಿ ನೋಡಬಹುದಾದ ಆಧಾರ ಬೇಕು ಎನ್ನುತ್ತದೆ ಅದು. ಇದನ್ನು ಓದಿದಾಗ ಬಾಡದಿಂದ ಅಘನಾಶಿನಿ ದಾಟಿದರೆ ಹೆಚ್ಚು ದೂರವಿಲ್ಲದ ಹನೇಹಳ್ಳಿಯವರಾದ ಯಶವಂತ ಚಿತ್ತಾಲರ ನಾಗಪ್ಪ ನೆನಪಾದ. ‘ಶಿಕಾರಿ’ ಪ್ರಕಟವಾದದ್ದು 1979ರಲ್ಲಿ, ಸಿಬ್ಬಿಯಾ ತೀರ್ಪಿನ ಹಿಂದಿನ ವರ್ಷ. ಮುಂಬಯಿಯ ಕಂಪನಿಯಲ್ಲಿ ಒಳ್ಳೆಯ ಹುದ್ದೆಯಲ್ಲಿರುವ ನಾಗಪ್ಪನ ಮೇಲೆ ಒಂದು ದಿನ ವಿಚಾರಣೆಯ ನೆರಳು ಬೀಳುತ್ತದೆ. ಆರೋಪ ಏನು, ಮಾಡಿದವರು ಯಾರು ಎಂಬುದು ಅವನಿಗೆ ಸ್ಪಷ್ಟವಿಲ್ಲ. ಪ್ರತಿ ಮುಖದಲ್ಲೂ ಬೇಟೆಗಾರನನ್ನು ಹುಡುಕುತ್ತ ಹೋಗುತ್ತಾನೆ. ಅವನು ನಿರೀಕ್ಷಣಾ ಜಾಮೀನು ಕೇಳಿ ಹೋಗಿದ್ದರೆ ಯಾವ ನ್ಯಾಯಾಲಯವೂ ಕೊಡುತ್ತಿರಲಿಲ್ಲ. ಅವನಲ್ಲಿದ್ದದ್ದು ಭಯ, ಕಾನೂನು ಕೇಳುವುದು ಆಧಾರ.

ಕಾದಂಬರಿಗೂ ಕಾನೂನಿಗೂ ಇರುವ ವ್ಯತ್ಯಾಸ ಇಲ್ಲಿದೆ, ಎರಡೂ ತಮ್ಮ ತಮ್ಮ ಜಾಗದಲ್ಲಿ ಸರಿ. ಆಧಾರವಿಲ್ಲದ ಭಯ ಮನುಷ್ಯನನ್ನು ಏನು ಮಾಡುತ್ತದೆ ಎಂದು ನೋಡುವುದು ಚಿತ್ತಾಲರ ಕೆಲಸ. ಆಧಾರ ಎಲ್ಲಿದೆ ಎಂದು ಕೇಳುವುದು ನ್ಯಾಯಾಲಯದ ಕೆಲಸ. ಬಾಡದ ಪಕ್ಕದ ಮನೆಯವರ ವಿಷಯದಲ್ಲಿ ಈ ಎರಡೂ ಒಂದೇ ಕಾಗದದಲ್ಲಿ ಸೇರಿಕೊಂಡಿದ್ದವು. ಅವರ ಭಯಕ್ಕೆ ಪಕ್ಕಾ ಆಧಾರವಿತ್ತು. ಆ ಆಧಾರ ನನ್ನ ವಾಕ್ಯವಾಗಿತ್ತು.

*

ಹಾಗಾದರೆ ನ್ಯಾಯಾಲಯ ಏನನ್ನು ಓದಬೇಕು? ಹಲ್ಲೆಯ ಮಟ್ಟಿಗೆ ಉಪಯುಕ್ತವಾದ ಉತ್ತರ ಸಿಗುವುದು ಕನ್ನಡದ ಗಡಿಯ ಊರಿನಿಂದ ಹೊರಟ ಪ್ರಕರಣದಲ್ಲಿ. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆಯ ಆಗಿನ ಕಾಂಗ್ರೆಸ್ ನಾಯಕ ಸಿದ್ಧರಾಮ ಸಾತಲಿಂಗಪ್ಪ ಮೇತ್ರೆ ಅವರ ಮೇಲೆ 2009ರ ಚುನಾವಣೆಯ ಹೊತ್ತಿನ ಘರ್ಷಣೆಯೊಂದಕ್ಕೆ ಸಂಬಂಧಿಸಿ, ಸಾವಿಗೆ ಕಾರಣವಾದ ಹಿಂಸೆಯನ್ನು ಮಾತಿನಿಂದ ಪ್ರಚೋದಿಸಿದರೆಂಬ ಆರೋಪ ಬಂತು. ಅವರಿಗೆ ನಿರೀಕ್ಷಣಾ ಜಾಮೀನು ಕೊಟ್ಟ 2010ರ ಡಿಸೆಂಬರ್ 2ರ ತೀರ್ಪು ನ್ಯಾಯಾಲಯಗಳು ಗಮನಿಸಬೇಕಾದ ಅಂಶಗಳ ಪಟ್ಟಿಯನ್ನೇ ಕೊಟ್ಟಿತು: ಆರೋಪದ ಗಾಂಭೀರ್ಯ, ಆರೋಪಿಯ ನಿಜವಾದ ಪಾತ್ರ, ಅವನ ಹಿಂದಿನ ನಡವಳಿಕೆ, ಓಡಿಹೋಗುವ ಸಾಧ್ಯತೆ, ಮತ್ತೆ ಅಂಥದ್ದೇ ಮಾಡುವ ಸಾಧ್ಯತೆ, ಸಾಕ್ಷಿಗಳಿಗೆ ತೊಂದರೆ, ಅವಮಾನಿಸಲೆಂದೇ ಆರೋಪ ಹೊರಿಸಲಾಗಿದೆಯೇ ಎಂಬುದು. ಸಮಾನ ಉದ್ದೇಶ, ಅಕ್ರಮ ಕೂಟ ಎಂಬ ಕಲಮುಗಳ ಮೂಲಕ ಒಳಗೆ ಬಂದ ಹೆಸರುಗಳನ್ನು ಇನ್ನೂ ಹೆಚ್ಚು ಎಚ್ಚರದಿಂದ ನೋಡಬೇಕು, ಏಕೆಂದರೆ ಅಲ್ಲಿ ಇಲ್ಲದವರನ್ನೂ ಸೇರಿಸುವುದು ಎಲ್ಲರಿಗೂ ಗೊತ್ತಿರುವ ಸಂಗತಿ ಎಂದೂ ಅದು ಹೇಳಿತು. ಷರತ್ತುಗಳ ಬಗ್ಗೆ ಈ ತೀರ್ಪು ಹೇಳಿದ್ದರಲ್ಲಿ ಒಂದು ಭಾಗವನ್ನು 2020ರ ಸುಶೀಲಾ ಅಗರ್ವಾಲ್ ಪ್ರಕರಣದ ಐವರ ಪೀಠ ತಿದ್ದಿತು. ನಿರೀಕ್ಷಣಾ ಜಾಮೀನಿಗೆ ಸಾಮಾನ್ಯವಾಗಿ ಅವಧಿ ಹಾಕಬೇಕಿಲ್ಲ, ಪ್ರಕರಣ ಬೇಡಿದರೆ ತಕ್ಕ ಷರತ್ತು ಹಾಕಬಹುದು ಎಂಬುದು ಈಗಿನ ನಿಲುವು.

ಅಂಗಳದಲ್ಲಿ ನಿಂತಿದ್ದ ಮಗನ ವಿಷಯದಲ್ಲಿ ಆ ಎಚ್ಚರಿಕೆ ಎಷ್ಟು ಸರಿ ಎಂದು ನನಗೆ ಗೊತ್ತು. ಅವನನ್ನು ಒಳಗೆ ಸೇರಿಸಿದ ಕೈ ನನ್ನದೇ.

ನಮ್ಮ ಜಿಲ್ಲೆಯವರು ಸೆಷನ್ಸ್ ನ್ಯಾಯಾಲಯದ ಜಾಮೀನಿಗೆ ಕಾರವಾರದ ಕಡೆ ನೋಡಬೇಕು, ಕುಮಟಾದಿಂದ ಸುಮಾರು 70 ಕಿಲೋಮೀಟರು. ಅಲ್ಲಿ ಆಗದಿದ್ದರೆ ಘಟ್ಟ ಹತ್ತಿ ಧಾರವಾಡದ ಹೈಕೋರ್ಟ್ ಪೀಠ. 2008ರಲ್ಲಿ ಆ ಪೀಠ ಶುರುವಾಗುವ ಮುಂಚೆ ಬೆಂಗಳೂರು. ಪಕ್ಕದವರ ಅರ್ಜಿ ಸೆಷನ್ಸ್‌ನಲ್ಲೇ ಮುಗಿಯಿತು. ಆ ಆದೇಶವನ್ನು ನಾನು ಓದಿದ್ದು ತಿಂಗಳುಗಳ ನಂತರ. ಪ್ರಬಂಧವೊಂದನ್ನು ಪರೀಕ್ಷಕರು ಓದಿದ ಟಿಪ್ಪಣಿ ಕೈಗೆ ಬಂದಂತೆ ಅನಿಸಿತು.

ದೂರು ಕೊಲ್ಲುವ ಉದ್ದೇಶವೆನ್ನುತ್ತದೆ, ಗಾಯದ ಪ್ರಮಾಣಪತ್ರ ಸಾದಾ ಗಾಯವೆನ್ನುತ್ತದೆ. ಪೆಟ್ಟು ಒಂದೇ. ಬಿದ್ದದ್ದು ಹೆಗಲಿಗೆ. ಎರಡನೇ ಪೆಟ್ಟನ್ನು ಯಾರೋ ತಡೆದರೆಂದು ದೂರಿನಲ್ಲೇ ಇಲ್ಲ. ಕತ್ತಿ ಜಾಗದಲ್ಲೇ ಸಿಕ್ಕಿದೆ. ಎರಡನೇ ಆರೋಪಿ ಹೊಡೆದನೆಂದು ದೂರೂ ಹೇಳುವುದಿಲ್ಲ. ಇಷ್ಟನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ, ಈ ತನಿಖೆಗೆ ಇವರಿಬ್ಬರನ್ನು ವಶಕ್ಕೆ ತೆಗೆದುಕೊಳ್ಳುವ ಅಗತ್ಯ ಕಾಣುವುದಿಲ್ಲ ಎಂಬಲ್ಲಿಗೆ ಆದೇಶ ಬರುತ್ತದೆ. ದೂರು ಸುಳ್ಳು ಎಂದು ಎಲ್ಲೂ ಹೇಳುವುದಿಲ್ಲ. ಆ ತೀರ್ಮಾನ ವಿಚಾರಣೆಗೆ ಬಿಟ್ಟದ್ದು.

ಒಂದು ತೊಡಕನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಕೊಲೆಯತ್ನಕ್ಕೆ ಗಾಯ ದೊಡ್ಡದಾಗಿರಬೇಕೆಂದೇನೂ ಇಲ್ಲ. ಗುರಿ ತಪ್ಪಿದ ಕತ್ತಿ ಗೀರನ್ನಷ್ಟೇ ಬಿಟ್ಟು ಹೋಗಬಹುದು, ಉದ್ದೇಶ ಆಗಲೂ ಕೊಲೆಯದೇ ಆಗಿರಬಹುದು. ಹಾಗಾಗಿ ‘ಸಾದಾ ಗಾಯ’ ಎಂಬ ಎರಡು ಪದವನ್ನು ಓದಿ ಜಾಮೀನು ಕೊಡುವುದೂ ‘ಕೊಲ್ಲುವ ಉದ್ದೇಶ’ ಎಂಬ ಎರಡು ಪದವನ್ನು ಓದಿ ನಿರಾಕರಿಸುವುದೂ ಒಂದೇ ಬಗೆಯ ಸೋಮಾರಿ ಓದು. ಉದ್ದೇಶವನ್ನು ಒಂದು ಪದದಿಂದ ತಿಳಿಯಲಾಗದು. ಆಯುಧ ಮೊದಲೇ ತಂದದ್ದೋ ಕೈಯಲ್ಲಿದ್ದದ್ದೋ, ಪೆಟ್ಟು ಯಾವ ಅಂಗಕ್ಕೆ, ಎಷ್ಟು, ಯಾಕೆ ನಿಂತಿತು, ಆಮೇಲೆ ಅವನು ಏನು ಮಾಡಿದ ಎಂಬ ವಿವರಗಳಿಂದ ತಿಳಿಯಬೇಕು. ಪಾತ್ರದ ಮನಸ್ಸನ್ನು ವಿಶೇಷಣದಿಂದ ಹೇಳಬೇಡ, ಕ್ರಿಯೆಯಿಂದ ತೋರಿಸು ಎಂದು ಕತೆ ಬರೆಯುವವರಿಗೆ ಹೇಳುತ್ತೇವಲ್ಲ, ನ್ಯಾಯಾಲಯ ದೂರಿನಿಂದ ಕೇಳಬೇಕಾದದ್ದೂ ಅದನ್ನೇ.

*

ಇಲ್ಲಿಗೆ ನಿಲ್ಲಿಸಿದರೆ ಈ ಬರಹ ಪಶ್ಚಾತ್ತಾಪಪಟ್ಟ ದೂರುಗಾರನ ಕತೆಯಾಗಿ, ನಿರೀಕ್ಷಣಾ ಜಾಮೀನಿನ ಹೊಗಳಿಕೆಯಾಗಿ ಮುಗಿಯುತ್ತದೆ. ಆದರೆ ಬೇಲಿಯ ಈ ಕಡೆಯಲ್ಲೂ ಒಂದು ಭಯವಿತ್ತು. ಆ ಹನ್ನೊಂದು ದಿನ ಮಾವ ನಿಶ್ಚಿಂತೆಯಿಂದ ಮಲಗಿದ್ದರು. ಅವರು ಜಾಮೀನು ಪಡೆದು ಮರಳಿದ ರಾತ್ರಿಯಿಂದ ನಿದ್ದೆ ಹೋಯಿತು. ಹಿತ್ತಲಿನಲ್ಲಿ ಗರಿ ಬಿದ್ದರೂ ಎದ್ದು ದೀಪ ಹಾಕುತ್ತಿದ್ದರು. ಬಂಧನದ ಆತಂಕಕ್ಕೆ ಕಾನೂನಿನಲ್ಲಿ ಒಂದು ಇಡೀ ಕಲಮಿದೆ. ಹೊಡೆಸಿಕೊಂಡವನ ಆತಂಕಕ್ಕೆ ಆದೇಶದ ಕೊನೆಯಲ್ಲಿ ಒಂದು ಸಾಲು: ಸಾಕ್ಷಿಗಳಿಗೆ ಬೆದರಿಕೆ ಹಾಕತಕ್ಕದ್ದಲ್ಲ. ಅದೂ ‘ಅವಾಚ್ಯ ಶಬ್ದ’ದಷ್ಟೇ ಸಿದ್ಧ ನುಡಿಗಟ್ಟು. ಉಳಿದೆಲ್ಲ ಕಡೆ ಅಷ್ಟು ಎಚ್ಚರದಿಂದ ಓದಿದ ಆದೇಶ ಇಲ್ಲಿ ಮಾತ್ರ ನಕಲು ಹೊಡೆದಂತೆ ಕಂಡಿತು. ಇಬ್ಬರ ನಡುವೆ ಇದ್ದದ್ದು ಒಂದು ಬೇಲಿ, ಅದೂ ಅರ್ಧ ಕಟ್ಟಿದ್ದು. ಮಾವನ ಹಿತ್ತಲಿಗೆ ಕಾಲಿಡಬಾರದು ಎಂದು ಒಂದು ಸಾಲು ಬರೆದಿದ್ದರೆ ಅದು ಆ ಊರನ್ನು, ಆ ಜಗಳವನ್ನು ನೋಡಿ ಬರೆದ ಷರತ್ತಾಗುತ್ತಿತ್ತು.

ಎರಡು ಮನೆಗಳ ಬಲ ಸಮವಾಗಿದ್ದ ಜಗಳ ನಮ್ಮದು. ಸಮವಿಲ್ಲದಿದ್ದಾಗ ಏನು? ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಮೇಲೆ ಹಲ್ಲೆ ನಡೆಯಿತು, ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ಬಳಿಕ, 2024ರ ಅಕ್ಟೋಬರಿನಲ್ಲಿ, ಕೊಪ್ಪಳದ ಸೆಷನ್ಸ್ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಇಂಥ ಹಲ್ಲೆಯಲ್ಲಿ ಒಂದು ಪೆಟ್ಟು ಎಂಬುದಿಲ್ಲ. ಅದರ ಹಿಂದೆ ಹೋಟೆಲಿಗೆ, ಕ್ಷೌರದಂಗಡಿಗೆ ಬಿಡದ ನಿನ್ನೆಗಳಿವೆ, ಮುಂದೆ ಅದೇ ಊರಿನಲ್ಲಿ ಬದುಕಬೇಕಾದ ನಾಳೆಗಳಿವೆ. ದೌರ್ಜನ್ಯ ತಡೆ ಕಾಯ್ದೆ, 1989ರ 18ನೇ ಕಲಂ ನಿರೀಕ್ಷಣಾ ಜಾಮೀನನ್ನು ನಿಷೇಧಿಸಿದ್ದು ಇದಕ್ಕಾಗಿ. ಇಲ್ಲಿ ಶಾಸಕಾಂಗ ಆರೋಪಿಯ ಆತಂಕಕ್ಕಿಂತ ಹೊಡೆಸಿಕೊಂಡವರ ಆತಂಕ ದೊಡ್ಡದು ಎಂದು ಮೊದಲೇ ಓದಿಟ್ಟಿದೆ. 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪೊಂದು ಆ ನಿಷೇಧವನ್ನು ಸಡಿಲಿಸಿದಾಗ ದೇಶದುದ್ದಕ್ಕೂ ಪ್ರತಿಭಟನೆಯಾಯಿತು. ಸಂಸತ್ತು ಅದೇ ವರ್ಷ 18ಎ ಸೇರಿಸಿತು. 2020ರ ಫೆಬ್ರವರಿಯಲ್ಲಿ ಅದನ್ನು ಎತ್ತಿಹಿಡಿದ ನ್ಯಾಯಾಲಯ, ಮೇಲ್ನೋಟಕ್ಕೇ ಪ್ರಕರಣ ನಿಲ್ಲದಿದ್ದರೆ ಮಾತ್ರ ನಿಷೇಧ ಅನ್ವಯಿಸದು ಎಂದಿತು. ಅಂದರೆ ನಿಷೇಧವಿದ್ದಲ್ಲೂ ಓದು ತಪ್ಪುವುದಿಲ್ಲ.

ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಕಳುವಾದ ಕಡಲೆಕಾಯಿ ಹುಡುಕಿಕೊಂಡು ಪೊಲೀಸರು ಸಾಕವ್ವನ ಮನೆಗೆ ನುಗ್ಗುತ್ತಾರೆ. ಆ ಮನೆಯಲ್ಲಿ ಬಂಧನದ ಆತಂಕ ಯಾವ ಮಾಜಿ ಸಚಿವರ ಆತಂಕಕ್ಕೂ ಕಡಿಮೆಯದಲ್ಲ. ಆದರೆ ಸಾಕವ್ವನ ಮಕ್ಕಳು ಕಲಂ 438 ಹಿಡಿದು ಹೊರಡುವ ದೃಶ್ಯವನ್ನು ಓದುಗರು ಊಹಿಸಿಕೊಳ್ಳಲಾರರು. ನಿರೀಕ್ಷಣಾ ಜಾಮೀನಿಗೆ ವಕೀಲರ ಶುಲ್ಕ ಬೇಕು, ಜಾಮೀನುದಾರರು ಬೇಕು, ಎಫ್‌ಐಆರ್ ಆಗುತ್ತಿದೆ ಎಂಬ ಸುದ್ದಿ ಮೊದಲೇ ತಿಳಿಸುವ ಪರಿಚಯದವರು ಬೇಕು, ಹನ್ನೊಂದು ದಿನ ಅಡಗಲು ಒಂದು ನೆಂಟರ ಮನೆ ಬೇಕು. ಬಡವನ ಪಾಲಿಗೆ ನಿರೀಕ್ಷಣೆಯಷ್ಟೇ ಉಳಿಯುತ್ತದೆ, ಜಾಮೀನು ಆಮೇಲಿನ ಮಾತು. ಎದುರಾಳಿಗಳನ್ನು ಹಣಿಯುವ ಪ್ರಭಾವಿಗಳಿಗೆ ತಡೆಯಾಗಲೆಂದು ಬಂದ ಕಲಮು ಪ್ರಭಾವಿಗಳ ಕೈಗೇ ಸುಲಭವಾಗಿ ಸಿಗುತ್ತದೆ ಎಂಬುದನ್ನು ಈ ವಿಷಯದ ಯಾವ ಚರ್ಚೆಯೂ ಬದಿಗಿಡಬಾರದು.

ಇಷ್ಟನ್ನು ಎದುರಿಗಿಟ್ಟುಕೊಂಡು ನನಗೆ ತೋಚುವುದನ್ನು ಹೇಳುತ್ತೇನೆ. ಹಲ್ಲೆಯ ಪ್ರಕರಣದಲ್ಲಿ ದೂರಿನ ಮಾತಿನ ತೂಕಕ್ಕೂ ಗಾಯ, ಆಯುಧ, ನಡವಳಿಕೆಗಳ ತೂಕಕ್ಕೂ ಅಂತರ ಕಾಣುವಲ್ಲಿ, ತನಿಖೆಗೆ ಉಳಿದ ಕೆಲಸಕ್ಕೆ ಆ ಮನುಷ್ಯ ಲಾಕಪ್ಪಿನಲ್ಲಿರುವ ಅಗತ್ಯವಿಲ್ಲದಲ್ಲಿ, ಬಂಧನಕ್ಕೆ ಮೊದಲೇ ಜಾಮೀನು ಸಿಗಬೇಕು. ಆ ಬಂಧನ ತನಿಖೆಯ ಭಾಗವಲ್ಲ, ವಿಚಾರಣೆಯಿಲ್ಲದ ಶಿಕ್ಷೆ. ದೂರು ಕೊಟ್ಟವರಿಗೆ ಬೇಕಾದದ್ದೂ ಎಷ್ಟೋ ಸಲ ಅದೇ. ನಮಗೆ ಬೇಕಾಗಿತ್ತು, ಒಪ್ಪಿಕೊಳ್ಳುತ್ತೇನೆ. ಆದರೆ ಬಿದ್ದ ಪೆಟ್ಟು ಒಂದು ದೀರ್ಘ ಅಧಿಕಾರದ ಒಂದು ಕೊಂಡಿಯಾಗಿರುವಲ್ಲಿ, ಅದು ಜಾತಿಯದಿರಲಿ, ಮನೆಯೊಳಗೆ ಗಂಡನದಿರಲಿ, ಸಾಲ ಕೊಟ್ಟವನದಿರಲಿ, ಹೊಡೆದವನು ಹೊರಗಿರುವುದೇ ಮುಂದಿನ ಬೆದರಿಕೆಯಾಗುವಲ್ಲಿ, ಗಾಯ ಸಣ್ಣದೆಂಬ ಕಾರಣಕ್ಕೆ ಜಾಮೀನು ಕೊಡಬಾರದು. ಇವೆರಡನ್ನೂ ಬೇರ್ಪಡಿಸಲು ಒಂದು ಪಕ್ಷದ ಕಾಗದ ಸಾಲದು. ಲಖೀಂಪುರ ಖೇರಿ ಪ್ರಕರಣದಲ್ಲಿ, 2022ರ ಏಪ್ರಿಲಿನಲ್ಲಿ, ಜಾಮೀನಿನ ಹಂತವೂ ಸೇರಿ ಪ್ರತಿ ಹಂತದಲ್ಲೂ ಸಂತ್ರಸ್ತರ ಮಾತನ್ನು ಕೇಳಬೇಕೆಂದು ಸುಪ್ರೀಂ ಕೋರ್ಟ್ ಹೇಳಿದೆ. ದೌರ್ಜನ್ಯ ತಡೆ ಕಾಯ್ದೆಯ 15ಎ ಕಲಮಿನಲ್ಲಿ ಅದು ಮೊದಲೇ ಇದೆ. ಬಾಡದ ಪ್ರಕರಣದಲ್ಲಿ ಮಾವನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಆ ಹಿತ್ತಲಿನ ಷರತ್ತು ಬರುತ್ತಿತ್ತೇನೋ. ದೂರಿನಲ್ಲಿ ಇಲ್ಲದ ಆ ಮೊದಲ ಮಾತೂ ಹೊರಗೆ ಬರುತ್ತಿತ್ತೇನೋ.

*

ದೋಷಾರೋಪಪಟ್ಟಿಯಲ್ಲಿ ನಾನು ತಂದ ಕಲಮು ಉಳಿಯಲಿಲ್ಲ. ಉಳಿದ ಸಣ್ಣ ಕಲಮುಗಳ ಕೇಸು ಈಗಲೂ ತಾರೀಖು ತಾರೀಖಿಗೆ ನಡೆಯುತ್ತಿದೆ. ಸರ್ವೆ ಆಯಿತು. ತೆಂಗಿನಮರ ಮಾವನ ಕಡೆಯೇ ಬಂತು. ಸರಿ ಇದ್ದದ್ದು ನಾವೇ, ಅದನ್ನು ಹೇಳಲು ಸುಳ್ಳು ಬೇಕಿರಲಿಲ್ಲ.

ಎರಡು ವರ್ಷದ ಹಿಂದೆ ಬಾಡದ ಅಮ್ಮನವರ ದೇವಸ್ಥಾನದ ಎದುರು ಪಕ್ಕದ ಮನೆಯವರು ಸಿಕ್ಕರು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಏನು ಓದುತ್ತಿದ್ದೀ ಎಂದು ಕೇಳಿದರು. ಸಂಶೋಧನೆ, ಕನ್ನಡದಲ್ಲಿ, ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಚಲೋ ಬರ್ದಿದ್ಯೋ ತಮ್ಮಾ ಅವತ್ತು. ವಕೀಲರು ಓದಿ ಹೇಳುವಾಗ ನಂಗೇ ಹೌದು ಅನ್ಸಿತ್ತು, ನಾ ಕೊಲ್ಲೂಕೇ ಹೋಗಿದ್ನೇನೋ ಅಂತ’ ಎಂದರು. ಅದರಲ್ಲಿ ಸಿಟ್ಟಿತ್ತೋ, ತಮಾಷೆಯೋ ನನಗೆ ತಿಳಿಯಲಿಲ್ಲ. ಮಗ ಹೇಗಿದ್ದಾನೆ ಎಂದು ಕೇಳಿದೆ. ಗೋವೆಯಲ್ಲಿದ್ದಾನೆ ಎಂದರು.

ಈಗಲೂ ಊರಿಗೆ ಹೋದರೆ ಯಾರಾದರೂ ದೂರು ಬರೆದುಕೊಡು ಎಂದು ಬರುತ್ತಾರೆ. ಬರೆದುಕೊಡುತ್ತೇನೆ. ಬರೆಯುವ ಮೊದಲು ಕೆಲವು ಪ್ರಶ್ನೆ ಕೇಳುತ್ತೇನೆ: ಮೊದಲು ಯಾರು ಏನಂದರು, ಅದೇ ಶಬ್ದದಲ್ಲಿ ಹೇಳಿ. ಪೆಟ್ಟು ಎಷ್ಟು. ಉಳಿದವರು ಎಲ್ಲಿ ನಿಂತಿದ್ದರು. ಕತ್ತಿ ಇದ್ದರೆ, ಯಾವ ಬದಿ. ಕೆಲವರು ಇಷ್ಟಕ್ಕೇ ಬೇಸರಪಟ್ಟು ಪೇಟೆಗೆ ಹೋಗಿ ಬರೆಸಿಕೊಳ್ಳುತ್ತಾರೆ.